ಹೂಂ ಮಾತಲ್ಲ

ಸತ್ತವರ ದನಿ ಕೇಳುವುದು ನನ್ನ ಉದ್ಯೋಗದ ಒಂದು ಭಾಗವಾಗಿತ್ತು. ಹೀಗೆಂದರೆ ಜನ ನನ್ನನ್ನು ಒಂದು ಥರ ನೋಡುತ್ತಾರೆ, ಆದ್ದರಿಂದ ಯಾರಿಗೂ ಹೇಳುವುದಿಲ್ಲ. ಜಯನಗರದ ಹಳೇ ಮನೆಯೊಂದರ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಅಲ್ಲಿ ಗೋಡೆಗೆಲ್ಲ ಹತ್ತಿಯ ಹಾಸಿಗೆ ಹೊಡೆದಿದ್ದ ಒಂದು ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ತೀರಿಹೋದ ನನ್ನ ಅತ್ತೆಯ ದನಿಯನ್ನು ನಾನು ವರ್ಷಗಟ್ಟಲೆ ಕೇಳಿದ್ದೇನೆ. ಒಮ್ಮೆ ಸ್ಪಷ್ಟವಾಗಿ, ಒಮ್ಮೆ ಬಸ್ಸಿನ ಗದ್ದಲದ ನಡುವೆ, ಒಮ್ಮೆ ತುಂಡು ತುಂಡಾಗಿ. "ಅಂಗಡಿಯ ಬಾಗಿಲು ಇನ್ನೂ ತೆರೆದಿಲ್ಲ. ಮಗು ಹಾಲು ಕುಡಿದು ಮಲಗಿದೆ." ಇಷ್ಟೇ. ಇದಕ್ಕೆ ಐದರಲ್ಲಿ ಎಷ್ಟು ಅಂಕ ಎಂದು ಹೇಳುವುದು ಹೊರಗಿನಿಂದ ಬಂದ ಕೇಳುಗರ ಕೆಲಸ. ಅವರಿಗೆ ಕೇಳಿಸುವ ಮೊದಲು ಎಲ್ಲ ಸರಿಯಿದೆಯೇ ಎಂದು ನೋಡುವುದು ನನ್ನದು. ಎಲ್ಲ ಸರಿಯೇ ಇರುತ್ತಿತ್ತು. ಆದರೂ ಇನ್ನೊಮ್ಮೆ ಹಾಕಿ ಕೇಳುತ್ತಿದ್ದೆ.

ಹೊಸ ತಲೆಮಾರಿನ ಮೊಬೈಲು ಅಂಗಡಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಒಂದಷ್ಟು ಜನ ದೇಶದೇಶಗಳಲ್ಲಿ ಮೇಜಿನ ಸುತ್ತ ಕೂತು ಅದರ ನಿಯಮಗಳನ್ನು ಬರೆಯುತ್ತಾರೆ. ಟವರಿನಿಂದ ಫೋನಿಗೆ ಏನು ಹೋಗಬೇಕು, ಏನು ಹೋಗಬಾರದು, ಮನುಷ್ಯನ ದನಿಯನ್ನು ಎಷ್ಟು ಹಿಂಡಿದರೆ ಅದು ಇನ್ನೂ ಮನುಷ್ಯನ ದನಿಯಾಗಿ ಉಳಿಯುತ್ತದೆ, ಎಲ್ಲಕ್ಕೂ ನಿಯಮ. ಆ ಮೇಜಿನ ತೀರಾ ಮೂಲೆಯಲ್ಲಿ ನಮ್ಮ ಸಣ್ಣ ಕಂಪನಿಗೂ ಒಂದು ಕುರ್ಚಿಯಿತ್ತು. ಕನ್ನಡದ ದನಿಗಳನ್ನು ಮುದ್ರಿಸಿಕೊಂಡು, ಹೊಸ ಹೊಸ ವಿಧಾನಗಳಲ್ಲಿ ಹಿಂಡಿ, ಸಿದ್ದಾಪುರ, ಪದ್ಮನಾಭನಗರದ ಕಡೆಯಿಂದ ಬರುವ ಸಾಮಾನ್ಯ ಜನರಿಗೆ ಕೇಳಿಸಿ, ಅವರು ಕೊಟ್ಟ ಅಂಕಗಳನ್ನು ಸಮಿತಿಗೆ ಕಳಿಸುವುದು ನಮ್ಮ ಪಾಲಿನ ಕೆಲಸ. ಕೇಳುಗರಿಗೆ ಕಾಫಿ, ಬಿಸ್ಕೆಟ್ಟು ಕೊಡುತ್ತಿದ್ದೆವು. "ಇಷ್ಟಕ್ಕೆಲ್ಲ ಕಾಫಿ ಕೊಡ್ತಾರಾ!" ಎಂದು ಅವರು ಆಶ್ಚರ್ಯಪಡುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಸಮಯದಲ್ಲಿ ಈ ದನಿಗಳನ್ನು ಮುದ್ರಿಸಿದ್ದು. ಬರಬೇಕಿದ್ದ ಹೆಂಗಸೊಬ್ಬರು ಕೈಕೊಟ್ಟರು. ದಾರಿ ಕಾಣದೆ ನಾನು ನನ್ನ ಅತ್ತೆಯನ್ನೇ ಕರೆದುಕೊಂಡು ಹೋದೆ. ಅತ್ತೆ ಗದಗಿನ ಕಡೆಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದರು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ, ಬಾಲ್ಕನಿಗೆ ಬಂದು ಸೊಪ್ಪಿನವಳನ್ನು ಕೂಗಿದರೆ ಎರಡು ಬೀದಿಯಾಚೆ ಅವಳು ತಲೆಯೆತ್ತುತ್ತಿದ್ದಳು. ಅಂಥ ಗಂಟಲು. ಮೈಕಿನ ಮುಂದೆ ಕೂರಿಸಿ ಕೈಗೆ ಹಾಳೆ ಕೊಟ್ಟರೆ ಓದಲೊಲ್ಲರು.

"ಯಾರ ಅಂಗಡಿ? ಯಾಕ ತೆರದಿಲ್ಲ? ಸುಮ್ ಸುಮ್ಕ ಸುಳ್ಳ ಹೇಳಂದ್ರ ನಾ ಹೆಂಗ ಹೇಳ್ಲಿ?"

"ಅತ್ತೆ, ಸುಮ್ನೆ ಓದಿ ಸಾಕು. ಅಂಗಡಿ ಯಾರದಾದ್ರೆ ನಮಗೇನು?"

"ಹೂಂ," ಎಂದರು. ಆ ಹೂಂನಲ್ಲೇ ನನ್ನ ಬಗ್ಗೆ ಅವರಿಗಿದ್ದ ಅಭಿಪ್ರಾಯವೆಲ್ಲ ಇತ್ತು. ಆಮೇಲೆ ಓದಿದರು, ಚೆನ್ನಾಗಿಯೇ ಓದಿದರು. ವಾಕ್ಯ ಮಾತ್ರ ಉಳಿಸಿಕೊಂಡು ಹಿಂದುಮುಂದಿನ ಕೆಮ್ಮು, ಉಸಿರು, ಗೊಣಗಾಟ, ಹೂಂ, ಹಾಂ ಎಲ್ಲವನ್ನೂ ಕತ್ತರಿಸಿ ಎಸೆಯುವುದು ನಮ್ಮ ಪದ್ಧತಿ. ಎಲ್ಲ ಭಾಷೆಯವರೂ ಹಾಗೇ ಮಾಡುತ್ತಿದ್ದರು. ನಾನೂ ಎಸೆದೆ.

ಅತ್ತೆಗೆ ಇಬ್ಬರು ಮಕ್ಕಳು, ನಮ್ಮವರು ಮತ್ತು ಅವರ ತಂಗಿ. ನಾದಿನಿ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಬೆಳಗಾವಿಯಲ್ಲಿದ್ದಳು. ಮದುವೆಯ ಸುದ್ದಿ ಹೇಳಲು ಅವಳು ಬಂದದ್ದು ಬನಶಂಕರಿಯಲ್ಲಿರುವ ನಮ್ಮ ಚಿಕ್ಕಮಾವನ ಮನೆಗೆ. ಆ ದಿನ ಹಿರಿಯರೆಲ್ಲ ಅಲ್ಲಿ ಸೇರಿದ್ದರು. ಹಾಲಿನ ತುಂಬ ಜನ. ಎಲ್ಲರೂ ಏನೇನೋ ಕೂಗಾಡಿದರು, ಅತ್ತೆ ಕೂಗಾಡಲಿಲ್ಲ. ಎದ್ದು ನಿಂತು, ಎಲ್ಲರೆದುರು ಒಂದೇ ಮಾತು ಹೇಳಿದರು: "ನಾ ಕರಿಯೂತನಕ ನನ್ನ ಹೊಸ್ತಿಲಾ ತುಳೀಬ್ಯಾಡ." ಅವಳೂ ಒಂದೇ ಮಾತು ಹೇಳಿದಳು: "ಆತು. ನೀ ಕರಿಯೂತನಕ ಬರಂಗಿಲ್ಲ." ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತಾರಲ್ಲ, ಹಾಗೆ. ಮುಂದೆ ವರ್ಷಗಟ್ಟಲೆ ಇಬ್ಬರೂ ಆ ಮಾತನ್ನು ಪೂಜೆಯ ವ್ರತದ ಹಾಗೆ ನಡೆಸಿಕೊಂಡು ಬಂದರು. ನಡುವೆ ಸಮಾಧಾನದ ಮಾತು ಸಾಗಿಸುತ್ತಿದ್ದವಳು ನಾನು. ಅತ್ತೆ ಸುಮ್ಮನಿದ್ದರೂ "ನಿನ್ನ ನೆನೆಸ್ಕೊಂಡ್ರು ಕಣೇ" ಎನ್ನುತ್ತಿದ್ದೆ. ಅದು ನನ್ನ ಸ್ವಂತ ಅಡುಗೆ ಎಂದು ನಾದಿನಿಗೆ ಗೊತ್ತಾಗುತ್ತಿತ್ತು. ನಗುತ್ತಿದ್ದಳು.

ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿತ್ತು. ನಾವು ಅರೆಕೆರೆಯ ಕಡೆ ಒಂದು ಹೊಸ ಬಡಾವಣೆಗೆ ಬಂದಿದ್ದೆವು. ಅಲ್ಲಿ ಒಂದು ಬೆಳಗ್ಗೆ ಅತ್ತೆ ಪೂಜೆಗೆ ಕೂತವರು ವಾಲಿಬಿಟ್ಟರು. ಲಕ್ವ. ಬಲಗೈ ಹೋಯಿತು, ಕಾಲು ಹೋಯಿತು, ಮಾತೂ ಹೋಯಿತು. ಬುದ್ಧಿ ಹೋಗಲಿಲ್ಲ, ಅದೇ ಕಷ್ಟ. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು, ಎಲ್ಲವೂ ತಿಳಿಯುತ್ತಿತ್ತು. ಬೇಕೆಂದಾಗ, ತುಟಿ ಮುಚ್ಚಿಕೊಂಡೇ, ಎದೆಯಿಂದ ಒಂದು ಸಣ್ಣ ಹೂಂ ಬರುತ್ತಿತ್ತು. ಬೇಡವೆಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಎರಡು ಬೀದಿ ದಾಟುತ್ತಿದ್ದ ದನಿಯಲ್ಲಿ ಅಷ್ಟೇ ಉಳಿದದ್ದು. ನನಗದು ಸಾಕಾಗಿತ್ತು. "ಅತ್ತೆ, ಅನ್ನ ಕಲಸ್ಲಾ? ಮೊಸರು ಹಾಕ್ಲಾ? ಫ್ಯಾನ್ ಹಾಕ್ಲಾ?" ಎಂದು ಕೇಳುತ್ತ ಹೋದರೆ ಹೂಂಗಳ ಮೇಲೇ ನಮ್ಮ ಇಡೀ ಸಂಸಾರ ನಡೆಯುತ್ತಿತ್ತು. ನಮ್ಮ ಕಡೆ ಕತೆ ಹೇಳುವವರಿಗೆ ಹೂಂಗುಟ್ಟದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲವಲ್ಲ. ಅತ್ತೆ ಹೂಂಗುಟ್ಟುತ್ತಿರುವವರೆಗೆ ನಾನು ಆಫೀಸಿನ ಕತೆ, ಬೀದಿಯ ಕತೆ, ಎಲ್ಲ ಹೇಳುತ್ತಿದ್ದೆ. ಅವರು ಚೆನ್ನಾಗಿದ್ದಾಗ ನಾವಿಬ್ಬರೂ ಅಷ್ಟು ಮಾತಾಡಿರಲಿಲ್ಲ.

ಸುದ್ದಿ ಕೇಳಿ ನಾದಿನಿ ಫೋನು ಮಾಡಿದಳು. ನಮ್ಮ ಬೀದಿಗೆ ಇನ್ನೂ ಟೆಲಿಫೋನಿನ ಕೇಬಲ್ಲು ಬಂದಿರಲಿಲ್ಲ, ಇದ್ದದ್ದು ನಮ್ಮ ಮೊಬೈಲುಗಳು ಮಾತ್ರ. ಅವಳದೂ ಮೊಬೈಲೇ. ನಾನು ಫೋನನ್ನು ಅತ್ತೆಯ ಕಿವಿಗೆ ಹಿಡಿದೆ. ಅತ್ತ ಅವಳು ಅಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಕೊನೆಗೆ ಅವಳು ಕೇಳಿದಳು: "ಅವ್ವಾ, ನಾ ಬರ್ಲೇನು?"

ಅತ್ತೆ "ಹೂಂ" ಎಂದರು. ಎಡಗೈಯಿಂದ ನನ್ನ ಮುಂಗೈ ಹಿಡಿದುಕೊಂಡು ಮತ್ತೊಮ್ಮೆ "ಹೂಂ" ಎಂದರು. ನನ್ನ ಕಣ್ಣು ತುಂಬಿ ಬಂತು. ಅತ್ತ ಕಡೆ ಅವಳು ಸ್ವಲ್ಪ ಹೊತ್ತು ಕಾದಳು. ಮತ್ತೆ ಕೇಳಿದಳು. ಮತ್ತೆ ಕಾದಳು. ಆಮೇಲೆ, "ವೈನಿ, ಅವ್ವ ಏನಂದ್ಲು?" ಎಂದಳು.

"ಹೂಂ ಅಂದ್ರು ಕಣೇ! ಎರಡು ಸಲ ಅಂದ್ರು. ನಿಂಗೆ ಕೇಳಿಸ್ಲಿಲ್ವಾ?"

"ನನಗೇನೂ ಕೇಳಿಸ್ಲಿಲ್ರಿ. ಸುಯ್ ಅಂತ ಸಪ್ಪಳ ಅಷ್ಟ."

"ನಿಜವಾಗ್ಲೂ ಅಂದ್ರು. ಬಂದ್ಬಿಡು."

"ನೀವು ಅಂತೀರಿ ಬಿಡ್ರಿ ವೈನಿ," ಎಂದಳು. ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಬರಲಿಲ್ಲ. ಅವಳಣ್ಣ, ಅಂದರೆ ನಮ್ಮವರು, ಬೈದು ಕರೆದರು. ಆಗಲೂ ಬರಲಿಲ್ಲ. ಅವ್ವ ಕರೆಯಬೇಕು, ಅವ್ವನೇ ಕರೆಯಬೇಕು. ದಿನಾ ಸಂಜೆ ಫೋನು ಮಾಡುತ್ತಿದ್ದಳು, ದಿನಾ ಅದೇ ಪ್ರಶ್ನೆ. ದಿನಾ ಅತ್ತೆಯ ಹೂಂ. ದಿನಾ ಅವಳಿಗೆ ಏನೂ ಕೇಳುತ್ತಿರಲಿಲ್ಲ. ಒಮ್ಮೆ ಮೊಬೈಲನ್ನು ಅತ್ತೆಯ ತುಟಿಗೇ ಒತ್ತಿ ಹಿಡಿದೆ. ಅವಳು ಗಾಬರಿಯಾಗಿ, "ಏನದು ವೈನಿ, ಗೊರ್ ಅಂತು? ಕೆಮ್ಮಿದಳೇನು?" ಎಂದಳು.

ಕಾರಣ ನನಗೆ ಹೊಳೆದದ್ದು ಆಫೀಸಿನಲ್ಲಿ. ಬೇರೆ ಯಾವುದೋ ಪರೀಕ್ಷೆಗೆ ಇಬ್ಬರು ಮಾತಾಡುವುದನ್ನು ಮುದ್ರಿಸಿ, ಅದನ್ನು ಹೊಸ ವಿಧಾನದಲ್ಲಿ ಹಾಯಿಸಿ ಕೇಳುತ್ತಿದ್ದೆ. ಒಬ್ಬ ಮಾತಾಡುವಾಗ ಇನ್ನೊಬ್ಬ ಹೂಂಗುಟ್ಟುತ್ತಿದ್ದ. ಇತ್ತ ಬಂದದ್ದರಲ್ಲಿ ಹೂಂ ಒಂದೂ ಇರಲಿಲ್ಲ. ಒಬ್ಬನೇ ಮನುಷ್ಯ ಖಾಲಿ ಕೋಣೆಯಲ್ಲಿ ಕೂತು ತನ್ನಷ್ಟಕ್ಕೆ ಮಾತಾಡುತ್ತಿರುವಂತೆ ಕೇಳಿಸಿತು.

ಅದರ ಲೆಕ್ಕ ಇಷ್ಟು. ಫೋನಿನಲ್ಲಿ ಅರ್ಧ ಹೊತ್ತು ನಾವು ಸುಮ್ಮನೇ ಇರುತ್ತೇವೆ. ಆ ಮೌನವನ್ನೂ ಕಳಿಸುತ್ತ ಕೂತರೆ ಬ್ಯಾಟರಿ ದಂಡ, ಗಾಳಿಯಲ್ಲಿರುವ ಜಾಗವೂ ದಂಡ. ಆದ್ದರಿಂದ ಒಳಗೆ ಒಬ್ಬ ಕಾವಲುಗಾರನನ್ನು ಇಟ್ಟಿರುತ್ತಾರೆ. ಇದು ಮಾತು, ಕಳಿಸು. ಇದು ಮಾತಲ್ಲ, ಬಿಡು. ಇತ್ತ ಪೂರ್ತಿ ನಿಶ್ಶಬ್ದವಾದರೆ ಕೇಳುವವರು ಲೈನು ಕಟ್ಟಾಯಿತು ಎಂದುಕೊಳ್ಳುತ್ತಾರೆ. ಅದಕ್ಕೆ ಅವರ ಫೋನೇ ಸುಯ್ ಎಂಬ ಒಂದು ಸಣ್ಣ ಸದ್ದನ್ನು ತಯಾರಿಸಿ ಅವರ ಕಿವಿಗೆ ಕೊಡುತ್ತದೆ. ಈ ಕಾವಲುಗಾರನಿಗೆ ಪಾಠ ಹೇಳಿಕೊಟ್ಟದ್ದು ನಮ್ಮಂಥವರು ಕತ್ತರಿಸಿ ಸ್ವಚ್ಛ ಮಾಡಿದ ವಾಕ್ಯಗಳಿಂದ. ಬಾಯಿ ಮುಚ್ಚಿಕೊಂಡು ಹೇಳುವ ಒಂದು ಸಣ್ಣ ಹೂಂ, ಅದೂ ಕಾಯಿಲೆಯ ಹೂಂ, ಅವನಿಗೆ ಫ್ಯಾನಿನ ಸದ್ದಿಗಿಂತ ಬೇರೆಯಾಗಿ ಕೇಳಿಸಲಿಲ್ಲ. ನಾದಿನಿ ಪ್ರತಿ ಸಂಜೆ ತಾಯಿಯ ಉತ್ತರಕ್ಕೆಂದು ಉಸಿರು ಬಿಗಿಹಿಡಿದು ಕೇಳುತ್ತಿದ್ದದ್ದು ಅವಳ ಕೈಯಲ್ಲೇ ಇದ್ದ ಯಂತ್ರ ಕಟ್ಟಿಕೊಡುತ್ತಿದ್ದ ಸದ್ದನ್ನು. ಅದು ತಿಳಿದಾಗ ನನಗೆ ಹೆದರಿಕೆಯಾಯಿತು. ದೆವ್ವ ಅಂದರೆ ಇದೇ ಇರಬೇಕು ಅನ್ನಿಸಿತು.

ಆ ದಿನಗಳಲ್ಲಿ ಮುಂದಿನ ತಲೆಮಾರಿನ ಫೋನುಗಳಿಗೆ ನಮ್ಮ ದೇಶದ ಕಡೆಯಿಂದ ಏನೇನು ಕೇಳಬೇಕು ಎಂದು ನಿರ್ಧರಿಸಲು ಒಂದು ಸಮಿತಿ ಕೂಡುತ್ತಿತ್ತು. ಆ ಸಲದ ಸಭೆ ಜೆ.ಪಿ. ನಗರದಲ್ಲೇ ಇತ್ತು. ಅಲ್ಲಿ ಮತ ಹಾಕುವ ರೂಢಿಯಿಲ್ಲ. ಅಧ್ಯಕ್ಷರು ವಿಷಯ ಓದಿ, "ಯಾರದಾದ್ರೂ ಆಕ್ಷೇಪಣೆ ಇದೆಯಾ?" ಎಂದು ಕೇಳುತ್ತಾರೆ. ಯಾರೂ ಬಾಯಿ ಬಿಡದಿದ್ದರೆ ಒಪ್ಪಿಗೆಯಾಯಿತು ಎಂದು ಅರ್ಥ. ಮೌನಂ ಸಮ್ಮತಿ ಲಕ್ಷಣಂ. ಉಪ್ಪಿಟ್ಟು ತಿಂದ ಮೇಲಿನ ಹೊತ್ತಿನಲ್ಲಿ ಎಷ್ಟೋ ದೊಡ್ಡ ನಿಯಮಗಳು ಹೀಗೆ ಪಾಸಾಗುತ್ತಿದ್ದವು. ನನ್ನ ಸರದಿ ಬಂದಾಗ, ಪರೀಕ್ಷೆಯ ದನಿಗಳಲ್ಲಿ ಹೂಂಗುಟ್ಟುವುದನ್ನೂ ಸೇರಿಸಬೇಕು, ಕಾಯಿಲೆಯವರ ದನಿಯನ್ನೂ ಸೇರಿಸಬೇಕು, ಕಾವಲುಗಾರ ಅದನ್ನು ತಡೆಯಕೂಡದು ಎಂದು ಕೇಳಿದೆ.

ಹಿರಿಯ ಎಂಜಿನಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಮೇಡಂ, ಹೂಂ ಅನ್ನೋದು ಮಾತಲ್ಲ, ಸದ್ದು. ಅಷ್ಟು ಸಣ್ಣ ಸದ್ದಿಗೆಲ್ಲ ಬಾಗಿಲು ತೆಗೆದ್ರೆ ಬೀದಿ ಗಲಾಟೆ ಎಲ್ಲಾ ಒಳಗೆ ಬರುತ್ತೆ. ಬ್ಯಾಟರಿ ಸಂಜೆವರೆಗೂ ಬರಲ್ಲ."

ನನಗೆ ಸಿಟ್ಟು ಬಂತು. "ಸಾರ್, ಮದುವೆಗೆ ಮುಂಚೆ ಹುಡುಗ ಒಪ್ಪಿಗೇನಾ ಅಂತ ಕೇಳಿದಾಗ ನಿಮ್ಮ ಮನೆಯವರು ಏನಂದ್ರು?"

ಅವರು ಸ್ವಲ್ಪ ನಾಚಿಕೊಂಡು, "ಹೂಂ ಅಂದ್ಲು," ಎಂದರು.

"ಮತ್ತೆ? ಅದು ಮಾತಲ್ವಾ ಸಾರ್?"

ಸಭೆಗೆ ಸಭೆಯೇ ನಕ್ಕಿತು, ಅವರೂ ನಕ್ಕರು. ನಗು ನಿಂತ ಮೇಲೆ ಅಧ್ಯಕ್ಷರು, ಇದು ಗಂಭೀರವಾದ ವಿಷಯ, ಮುಂದಿನ ಹಂತದಲ್ಲಿ ಇನ್ನಷ್ಟು ಅಧ್ಯಯನ ಮಾಡೋಣ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದರು. ಎಂಜಿನಿಯರು ಹೇಳಿದ್ದರಲ್ಲೂ ಸುಳ್ಳೇನಿರಲಿಲ್ಲ. ಬ್ಯಾಟರಿಯ ವಿಷಯ ನನಗೂ ಗೊತ್ತಿದ್ದದ್ದೇ. ನನ್ನ ಮನೆಯಲ್ಲಿ ಒಬ್ಬರು ಹೂಂ ಎನ್ನುತ್ತ ಮಲಗಿದ್ದಾರೆ ಎಂದು ಅಲ್ಲಿ ಹೇಳಲು ನಾಲಗೆ ಬರಲಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ನಿಯಮ ಬದಲಾಗಿ ಫೋನು ಬರುವಷ್ಟರಲ್ಲಿ ಅತ್ತೆ ಇರುವುದಿಲ್ಲ ಎಂದು ಡಾಕ್ಟರ ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಹಳೆಯ ಲ್ಯಾಂಡ್‌ಲೈನಿನಲ್ಲಿ ಕಾವಲುಗಾರನಿಲ್ಲ. ಅದು ಬಂದದ್ದನ್ನೆಲ್ಲ ಸಾಗಿಸುತ್ತದೆ. ಚಿಕ್ಕಮಾವನ ಮನೆಯಲ್ಲಿ ಲ್ಯಾಂಡ್‌ಲೈನು ಇತ್ತು. ಬೆಳಗಾವಿಯಲ್ಲಿ ನಾದಿನಿಯ ಪಕ್ಕದ ಮನೆಯಲ್ಲೂ ಇತ್ತು. ನಾನು ಉತ್ಸಾಹದಿಂದ ಎಲ್ಲ ಏರ್ಪಾಡು ಮಾಡಿದೆ. "ಭಾನುವಾರ ನೀನೇ ಕೇಳಿಸ್ಕೋ, ನನ್ನ ಮಾತು ನಂಬಬೇಡ," ಎಂದು ಅವಳಿಗೆ ಹೇಳಿದೆ. "ಹೌದೇನ್ರಿ? ಹಂಗಾರ ನಾ ಚೀಲಾ ಕಟ್ಟಿ ಇಟ್ಕೊಂಡಿರ್ತೀನಿ," ಎಂದಳು.

ಭಾನುವಾರ ನಮ್ಮವರೂ ಕೆಳಗಿನ ಮನೆಯವರೂ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದರು. ಟ್ಯಾಕ್ಸಿಯಲ್ಲಿ ಬನಶಂಕರಿಗೆ ಹೋದೆವು. ಅತ್ತೆಗೆ ವಿಭೂತಿ ಹಚ್ಚಿ, ಒಳ್ಳೆಯ ಇಳಕಲ್ ಸೀರೆ ಉಡಿಸಿದ್ದೆ. ಎಲ್ಲಿಗೆ, ಏಕೆ ಎಂದು ಮೊದಲೇ ಹೇಳಿದ್ದೆ. ಮನೆಯಲ್ಲಿ ಹೂಂ ಎಂದಿದ್ದರು. ಟ್ಯಾಕ್ಸಿಯಲ್ಲೂ ಹೂಂ ಎಂದಿದ್ದರು.

ಚಿಕ್ಕಮಾವನ ಮನೆಯ ಹಾಲಿನಲ್ಲಿ ಅವರೂ ಚಿಕ್ಕತ್ತೆಯೂ ಇದ್ದರು. ವಿಷಯ ತಿಳಿದು ಇನ್ನೂ ನಾಲ್ಕಾರು ನೆಂಟರು ಬಂದಿದ್ದರು. ನಾನು ಯಾರನ್ನೂ ಕರೆದಿರಲಿಲ್ಲ. ಟೀವಿ ಆರಿಸಿದರು, ಫ್ಯಾನು ನಿಲ್ಲಿಸಿದರು. ಹೂಂ ಸ್ಪಷ್ಟವಾಗಿ ಕೇಳಲಿ ಎಂದು ಎಲ್ಲರೂ ಬಾಯಿ ಮುಚ್ಚಿ ಅತ್ತೆಯ ಸುತ್ತ ಕೂತರು. ನಾನು ನಂಬರು ಒತ್ತಿ ರಿಸೀವರನ್ನು ಅವರ ಕಿವಿಗೂ ಬಾಯಿಗೂ ಸರಿಯಾಗಿ ಹಿಡಿದೆ. ಮಗಳ ದನಿ ಹೊರಗೂ ಕೇಳುವಷ್ಟು ಗಟ್ಟಿಯಾಗಿ ಬಂತು.

"ಅವ್ವಾ, ನಾ ಬರ್ಲೇನು?"

ಅತ್ತೆ ಸುತ್ತ ನೋಡಿದರು. ಮೈದುನನ ಮುಖ, ಅವನ ಹೆಂಡತಿಯ ಮುಖ, ಒಬ್ಬೊಬ್ಬರ ಮುಖವನ್ನೂ ನೋಡಿದರು. ಆ ದಿನ ಎದ್ದು ನಿಂತು ಆ ಮಾತು ಹೇಳಿದ್ದೂ ಇದೇ ಹಾಲಿನಲ್ಲಿ, ಇದೇ ಜನರೆದುರು. ನನಗೆ ಲೈನಿನ ಯೋಚನೆ ಬಂದಿತ್ತೇ ಹೊರತು ಅದು ಯಾರ ಮನೆ ಎಂಬುದು ಹೊಳೆದಿರಲಿಲ್ಲ. ಅವರ ಗಂಟಲು ಒಮ್ಮೆ ಅಲುಗಿತು. ತುಟಿ ಬಿಗಿಯಾಯಿತು.

"ಅವ್ವಾ?"

ನಾನು ಅವರ ಎಡಗೈ ಹಿಡಿದೆ. "ಅತ್ತೆ, ಹೂಂ ಅನ್ನಿ. ಮನೇಲಿ ಅಂದ್ರಲ್ಲ, ಹಾಗೆ." ಚಿಕ್ಕತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಚಿಕ್ಕಮಾವ ನೆಲ ನೋಡುತ್ತಿದ್ದರು. ಯಾರಾದರೂ ಎದ್ದು ಹೊರಗೆ ಹೋಗಬಹುದಿತ್ತು. ಯಾರೂ ಹೋಗಲಿಲ್ಲ, ಎಲ್ಲರೂ ಒಳ್ಳೆಯದಾಗಲೆಂದೇ ಕೂತಿದ್ದರು. ಮಗಳು ಇನ್ನೂ ಒಮ್ಮೆ ಕೇಳಿದಳು. ಅತ್ತೆ ಕಣ್ಣು ಮುಚ್ಚಿಕೊಂಡರು. ಬಹಳ ಹೊತ್ತಾದ ಮೇಲೆ ಆ ಕಡೆಯಿಂದ ರಿಸೀವರು ಇಟ್ಟ ಸದ್ದು ಬಂತು.

ವಾಪಸು ಬಂದು ಮಂಚದ ಮೇಲೆ ಮಲಗಿಸಿದ ಮೇಲೆ ಅತ್ತೆ ಮೊಬೈಲಿನ ಕಡೆ ನೋಡಿ ಹೂಂ ಎಂದರು. ಗಟ್ಟಿಯಾಗಿ, ಮತ್ತೆ ಮತ್ತೆ ಎಂದರು. ನಾನು ನಾದಿನಿಗೆ ಫೋನು ಮಾಡಿದೆ. ಅವಳು ತೆಗೆದಳು, ಔಷಧಿಯ ಬಗ್ಗೆ ಕೇಳಿದಳು, ಊಟದ ಬಗ್ಗೆ ಕೇಳಿದಳು. ಬರಲೇ ಎಂದು ಮಾತ್ರ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ದಿನಾ ಸಂಜೆ ಆ ಪ್ರಶ್ನೆ ಬರುತ್ತಿದ್ದ ಹೊತ್ತಿಗೆ ಅತ್ತೆ, ಯಾರೂ ಕೇಳದಿದ್ದರೂ, ಕೋಣೆಯೊಳಗೆ ಹೂಂ ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ನಿಂತು ನಾನು ಅದನ್ನು ಕೇಳುತ್ತಿದ್ದೆ. ಈಗಲೂ ಕೆಲವು ಸಂಜೆ ಒಲೆ ಆರಿಸಿ ಕಿವಿಗೊಟ್ಟು ನಿಲ್ಲುತ್ತೇನೆ. ನಮ್ಮವರು "ಏನಾಯ್ತೇ?" ಎಂದರೆ ಏನೂ ಇಲ್ಲ ಎನ್ನುತ್ತೇನೆ.

ಮಳೆಗಾಲ ಶುರುವಾಗುವ ಮೊದಲೇ ಅತ್ತೆ ಹೋದರು. ಆಗ ನಾದಿನಿ ಬಂದಳು. ಸತ್ತವರು ಕರೆಯಬೇಕೆಂದು ಯಾರೂ ಕಾಯುವುದಿಲ್ಲ. ಪದ್ಧತಿಯಂತೆ ಕೂರಿಸಿ, ವಿಭೂತಿ ಧರಿಸಿ, ಹೂವು ಮುಡಿಸಿದ್ದ ತಾಯಿಯ ಎದುರು ಅವಳು ಹೊಸ್ತಿಲ ಆಚೆಗೇ ಬಹಳ ಹೊತ್ತು ನಿಂತಿದ್ದಳು. ನಾನೇ ಕೈ ಹಿಡಿದು ಒಳಗೆ ಎಳೆದುಕೊಂಡೆ.

ಮಣ್ಣು ಮಾಡಿ ಬಂದು, ಸ್ನಾನವಾಗಿ, ನೆಂಟರೆಲ್ಲ ಹೊರಗೆ ಕೂತಿದ್ದಾಗ, ನಾವಿಬ್ಬರೇ ಅತ್ತೆಯ ಕೋಣೆಯಲ್ಲಿದ್ದೆವು. ಹಾಸಿಗೆ ಮಡಿಚಿದ ಖಾಲಿ ಮಂಚದ ತುದಿಯಲ್ಲಿ ಅವಳು ಕೂತಳು. ನಾನು ಎಲ್ಲವನ್ನೂ ಹೇಳಿದೆ. ಮೊಬೈಲಿನೊಳಗಿನ ಕಾವಲುಗಾರ, ಅವನು ನುಂಗಿದ ಹೂಂಗಳು, ಅವುಗಳ ಬದಲು ಅವಳಿಗೆ ಕೇಳಿಸಿದ ಸುಯ್ ಸದ್ದು, ಎಲ್ಲ. ದಿನಾ ಅಂದರು ಕಣೇ, ಒಂದು ದಿನವೂ ತಪ್ಪಿಸಲಿಲ್ಲ, ಆ ಭಾನುವಾರ ಜನರೆದುರು ಸೋಲಲಾರದೆ ಸುಮ್ಮನಾದರು ಅಷ್ಟೇ, ಮನೆಗೆ ಬಂದು ಮತ್ತೆ ಅಂದರು, ದೇವರಾಣೆ ಎಂದೆ. ನನ್ನ ಒಂದೊಂದು ಮಾತಿಗೂ ಅವಳು ತಲೆ ಬಗ್ಗಿಸಿಕೊಂಡು, ಬಾಯಿ ಮುಚ್ಚಿಕೊಂಡೇ, ಹೂಂ, ಹೂಂ ಎನ್ನುತ್ತಿದ್ದಳು. ಥೇಟ್ ಅವಳ ತಾಯಿಯ ಹೂಂ.

ನಾನು ಮುಗಿಸಿದ ಮೇಲೆ ಅವಳು ನನ್ನ ಕೈಮೇಲೆ ಕೈಯಿಟ್ಟಳು, ನನಗೇ ಸಮಾಧಾನ ಹೇಳುವವಳಂತೆ.

"ನೀವು ಭಾಳ ಛಲೋ ಇದ್ದೀರಿ ವೈನಿ. ಆದ್ರ ಆ ದಿನ ಲೈನು ಭಾಳ ಚಂದ ಇತ್ತರಿ. ಅಲ್ಲಿ ಗೋಡಿ ಮ್ಯಾಲಿನ ಗಡಿಯಾರದ ಸಪ್ಪಳ ಸೈತ ನನಗ ಕೇಳಿಸ್ತು."